ಮೂರನೆಯ ಕೆಂಪು ಚೀಟಿ

ಜೂನ್ 4

ತಮ್ಮಾ,

ಕ್ಷೇಮದ ವಿಚಾರ ಮೊದಲೇ ಹೇಳಿಬಿಡುತ್ತೇನೆ. ನಾನು ಗಟ್ಟಿಯಾಗಿದ್ದೇನೆ, ಸೈಕಲ್ಲು ಗಟ್ಟಿಯಾಗಿಲ್ಲ.

ನಿನ್ನೆ ಮಧ್ಯಾಹ್ನ ಹೊಲಿಗೆ ತರಬೇತಿ ಶಾಲೆಯಲ್ಲಿ ನಾಲ್ಕು ಮಷೀನು ರಿಪೇರಿ ಮುಗಿಸಿ ಬರುತ್ತಿದ್ದೆ. ಸೇತುವೆಯ ಇಳಿಜಾರಿನಲ್ಲಿ ಹ್ಯಾಂಡಲ್ಲು ಒಂದು ಕಡೆಗೆ, ನಾನು ಇನ್ನೊಂದು ಕಡೆಗೆ ಹೊರಟಂತೆ ಅನ್ನಿಸಿತು. ಇಳಿದು ನೋಡಿದರೆ ಹ್ಯಾಂಡಲಿನ ಕೆಳಗೆ, ಎರಡು ಕೊಳವೆ ಸೇರುವ ಬೆಸುಗೆಯಲ್ಲಿ ಕೂದಲೆಳೆಯಂಥ ಗೆರೆ. ಬಣ್ಣ ಬಿಟ್ಟಿರಬೇಕು ಎಂದುಕೊಂಡು ಉಗುರು ಹಾಕಿದೆ. ಉಗುರು ಒಳಗೇ ಹೋಯಿತು. ಬಿದ್ದಿಲ್ಲ, ಗಾಬರಿಯಾಗಬೇಡ.

ಮೂಲೆಯ ಬೆಸುಗೆಯವನು, "ತನ್ನಿ ಅಕ್ಕಾ, ಹತ್ತು ನಿಮಿಷದ ಕೆಲಸ" ಎಂದ. ಆದರೆ ಐದು ವರ್ಷದ ವಾರಂಟಿಯಲ್ಲಿ ಮೂರು ವರ್ಷ ಹಾಗೇ ಉಳಿದಿದೆ. ಅದರ ಮೇಲೆ ಆ ಕಂಪನಿಯ ಒಳಗೇ ಒಬ್ಬ ತಮ್ಮ ಇದ್ದಾನೆ. ಇಷ್ಟಿದ್ದೂ ನಾನು ಬೀದಿಯಲ್ಲಿ ಬೆಸುಗೆ ಹಾಕಿಸಿದರೆ ನಿನಗೇ ಅವಮಾನ. ಕಾರ್ಡಿನ ಪ್ರತಿ, ಫೋಟೊ, ಫ್ರೇಮಿನ ತಳದಲ್ಲಿರುವ ನಂಬರು ಎಲ್ಲ ಇಟ್ಟಿದ್ದೇನೆ. ನನ್ನ ಹೆಸರಿನಲ್ಲಿ ಒಂದು ದೂರು ಕೊಟ್ಟುಬಿಡು.

ಬೇರೆ ಸೈಕಲ್ಲು ಯಾರಾದರೂ ಕೊಟ್ಟಾರು, ಆದರೆ ಏರಲು ಆಗುವುದಿಲ್ಲ. ಈ ಸೊಂಟಕ್ಕೆ ಕಾಲು ಮೊಣಕಾಲೆತ್ತರಕ್ಕಿಂತ ಮೇಲೆ ಬರುವುದಿಲ್ಲವೆಂದೇ ತಾನೇ ನೀನು ಈ ತಗ್ಗು ಫ್ರೇಮು ಹೇಳಿ ಮಾಡಿಸಿದ್ದು? ನಡೆದರೆ ನಾಲ್ಕು ಅಂಗಡಿ ದಾಟುವುದರೊಳಗೆ ಕೀಲು ಹಿಡಿದುಕೊಳ್ಳುತ್ತದೆ, ಸೀಟಿನ ಮೇಲೆ ಕೂತರೆ ಊರೆಲ್ಲ ಸುತ್ತಿ ಬರುತ್ತೇನೆ. ಹೇಳಿದರೆ ಜನ ನಾಟಕ ಎನ್ನುತ್ತಾರೆ.

ಫೋನು ಮಾಡಬಹುದಿತ್ತು. ಫೋನಿನಲ್ಲಿ ನೀನು "ಆಯ್ತು ಬಿಡಕ್ಕ" ಎಂದು ಮರೆತುಬಿಡುತ್ತೀಯ. ಕಾಗದವಾದರೆ ಜೇಬಿನಲ್ಲಿ ಚುಚ್ಚುತ್ತಿರುತ್ತದೆ.

ನಿನ್ನ ಅಕ್ಕ


ಜೂನ್ 19

ಅಕ್ಕಾ,

ಕಾಗದ, ಕಾರ್ಡು, ಫೋಟೊ ಮೂರೂ ಕೈಸೇರಿದವು. ಫೋಟೊದ ಮೂಲೆಯಲ್ಲಿ ನಿನ್ನ ಹೆಬ್ಬೆರಳೂ ಬಂದಿದೆ. ಅದಕ್ಕೂ ವಾರಂಟಿ ಕೇಳುವ ವಿಚಾರವಿದೆಯೇನು?

ದೂರು ಕೊಟ್ಟಾಗಿದೆ. ಆದರೆ ಇಲ್ಲಿನ ವಾರಂಟಿ ವಿಭಾಗದ ನಡಿಗೆ ನಿನಗೆ ಗೊತ್ತಿಲ್ಲ. ಒಂದು ಮೇಜಿನಿಂದ ಪಕ್ಕದ ಮೇಜಿಗೆ ಕಾಗದ ಹೋಗಲು ಒಂದು ವಾರ ಬೇಕು, ನಡುವೆ ಇರುವುದು ಒಂದು ಹೂಕುಂಡ ಅಷ್ಟೆ. ಆರು ವಾರ ಹಿಡಿದರೂ ಹಿಡಿಯಬಹುದು.

ಬೆಸುಗೆಯವನ ಹತ್ತಿರ ಮಾತ್ರ ಹೋಗಬೇಡ. ಹೊರಗಿನ ಬೆಸುಗೆ ಒಂದು ಚುಕ್ಕೆ ಬಿದ್ದರೂ ವಾರಂಟಿ ಹೋಯಿತೆಂದೇ ಲೆಕ್ಕ. ಮೆಟ್ಟಿಲ ಕೆಳಗೆ ನಿಲ್ಲಿಸಿ ತುಕ್ಕು ಹಿಡಿದರೆ ಅದನ್ನೂ ನೆಪ ಮಾಡುತ್ತಾರೆ. ಯಾರನ್ನಾದರೂ ಕರೆದು ಮೇಲೆ ನಿನ್ನ ರೂಮಿಗೇ ತರಿಸಿಟ್ಟುಕೊ. ಒಂದು ಸ್ಕ್ರೂ ಕೂಡ ಬಿಚ್ಚಬೇಡ. ನಿನ್ನ ಕೈ ಸುಮ್ಮನಿರುವುದಿಲ್ಲ, ಅದಕ್ಕೇ ಹೇಳಿದೆ.

ಇಲ್ಲಿ ಎಲ್ಲ ಎಂದಿನಂತೆ. ದಿನಕ್ಕೆ ಎಂಬತ್ತು ಫ್ರೇಮು ನನ್ನ ಮುಂದೆ ಬರುತ್ತವೆ, ನೋಡಿ ಪಾಸು ಮಾಡಿ ಮುದ್ರೆ ಒತ್ತುತ್ತೇನೆ. ಹನ್ನೊಂದು ವರ್ಷದಿಂದ ಅದೇ ಕುರ್ಚಿ. ಮಕ್ಕಳಿಬ್ಬರೂ ಅತ್ತೆ ಯಾವಾಗ ಬರುತ್ತಾಳೆ ಎಂದು ಕೇಳುತ್ತಾರೆ. ನೀನು ಹೇಗೆ ನಿಭಾಯಿಸುತ್ತಿದ್ದೀಯ, ಮುಚ್ಚಿಡದೆ ಬರೆ.

ತಮ್ಮ


ಜುಲೈ 10

ತಮ್ಮಾ,

ಮುಚ್ಚಿಡಲು ಏನಿದೆ? ಆರಾಮವಾಗಿದ್ದೇನೆ.

ಸೈಕಲ್ಲು ನಿನ್ನ ಅಪ್ಪಣೆಯಂತೆ ಮೂರನೇ ಮಹಡಿಗೆ ಬಂತು. ಕೆಳಗಿನ ಮನೆಯ ಟೀಚರ್ ಮತ್ತು ಅವರ ಗಂಡ ಇಬ್ಬರೂ ಹೊತ್ತು ತಂದರು. ಈಗ ಮಂಚಕ್ಕೂ ಗೋಡೆಗೂ ನಡುವೆ ಅದೇ ಯಜಮಾನಿ. ಅಡುಗೆ ಕಟ್ಟೆಗೆ ಹೋಗಬೇಕಾದರೆ ನಾನು ಅಡ್ಡಡ್ಡ ತಿರುಗಿ ಅದರ ಅನುಮತಿ ಕೇಳಬೇಕು. ಪೆಡಲಿಗೆ ನನ್ನ ಮೊಣಕಾಲು ಎಂದರೆ ಅದೇನು ಪ್ರೀತಿಯೋ, ದಿನಕ್ಕೆ ಎರಡು ಸಲವಾದರೂ ಮಾತಾಡಿಸುತ್ತದೆ.

ಗಿರಾಕಿಗಳು ಮಷೀನನ್ನು ಇಲ್ಲಿಗೇ ತಂದುಕೊಡುತ್ತಾರೆ. ಕೂತಲ್ಲೇ ಕೆಲಸ, ಓಡಾಟವಿಲ್ಲ. ದೊಡ್ಡ ಮನುಷ್ಯಳಾದೆ ಎನ್ನು.

ಕಿಟಕಿಯ ಪಕ್ಕ ಕೂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಎದುರಿನ ಕನ್ನಡಕದ ಅಂಗಡಿ ಹತ್ತಕ್ಕೆ ಐದು ನಿಮಿಷ ಇರುವಾಗ ತೆಗೆಯುತ್ತದೆ, ಗುರುವಾರ ಮಾತ್ರ ಹತ್ತೂಕಾಲು. ಔಷಧಿ ಅಂಗಡಿಯವನು ಮಧ್ಯಾಹ್ನದೊಳಗೆ ಏಳು ಸಲ ಹೊರಗೆ ಬಂದು ಆಕಳಿಸುತ್ತಾನೆ. ಕಸದ ಗಾಡಿಯ ಎಡಗಡೆಯ ಹಿಂದಿನ ಚಕ್ರಕ್ಕೆ ಎಣ್ಣೆ ಬೇಕು, ಎರಡು ವಾರದಿಂದ ಬೇಕು. ಮೂರು ಗಂಟೆಯ ಹೊತ್ತಿಗೆ ನೀಲಿ ಕೊಡೆಯ ಒಬ್ಬಳು ಬಂದು ಅಂಚೆಪೆಟ್ಟಿಗೆಯ ಹತ್ತಿರ ನಿಂತು, ಏನೂ ಹಾಕದೆ ಹೋಗುತ್ತಾಳೆ. ಇಷ್ಟು ವರ್ಷ ಇದೇ ಬೀದಿಯಲ್ಲಿ ಓಡಾಡಿದರೂ ಇದೆಲ್ಲ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ನಿನ್ನ ಹೂಕುಂಡ ದಾಟಿತಾ ನನ್ನ ಕಾಗದ?

ಅಕ್ಕ


ಆಗಸ್ಟ್ 22

ಅಕ್ಕಾ,

ಉತ್ತರ ತಡವಾಯಿತು, ಹೊಟ್ಟೆಗೆ ಹಾಕಿಕೊ. ವಾರಂಟಿ ವಿಭಾಗದ ದೊಡ್ಡವರು ಹದಿನೈದು ದಿನ ರಜೆಯಲ್ಲಿದ್ದರು. ಬಂದ ಮೇಲೆ ಹೊಸ ತಕರಾರು: ಬಿರುಕಿನ ಪಕ್ಕ ಅಳತೆಪಟ್ಟಿ ಹಿಡಿದು ಇನ್ನೊಂದು ಫೋಟೊ ಬೇಕಂತೆ. ತೆಗೆದು ಕಳಿಸು, ಅವಸರವೇನಿಲ್ಲ.

ನಿನ್ನ ಕಾಗದ ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಆಕಳಿಸುವವನ ವಿಷಯಕ್ಕೆ ಮಕ್ಕಳು ಬಿದ್ದು ಬಿದ್ದು ನಕ್ಕರು. ನಿಜ ಹೇಳಲಾ, ನೀನು ಹಾಯಾಗಿರುವುದು ಓದಿ ನನಗೆ ಎಷ್ಟೋ ಸಮಾಧಾನವಾಯಿತು. ಹದಿನಾರನೇ ವಯಸ್ಸಿನಿಂದ ದುಡಿದವಳು ನೀನು, ಒಂದು ದಿನ ಕಾಲು ಚಾಚಿ ಕೂತದ್ದು ನಾನು ಕಂಡಿಲ್ಲ. ಒಂದು ರೀತಿಯಲ್ಲಿ ಆ ಬಿರುಕಿನಿಂದ ನಿನಗೆ ಒಳ್ಳೆಯದೇ ಆಯಿತೇನೋ. ಈ ವರ್ಷ ಹೀಗೇ ವಿಶ್ರಾಂತಿ ತಗೊ, ಹೊಸ ವರ್ಷಕ್ಕೆ ಹೊಸ ಫ್ರೇಮು.

ತಮ್ಮ


ಸೆಪ್ಟೆಂಬರ್ 3

ತಮ್ಮಾ,

ಫೋಟೊ ಇದರೊಳಗಿದೆ. ಬಿರುಕು ನಾಲ್ಕು ಸೆಂಟಿಮೀಟರು. ಜೂನ್‌ನಲ್ಲಿ ಮೂರೂ ಇರಲಿಲ್ಲ.

ಹೊಸ ವರ್ಷ ಎಂದು ಯಾರು ಹೇಳಿದರು? ನೀನು ಹೇಳಿದ್ದು ಆರು ವಾರ.

ವಿಶ್ರಾಂತಿ ಸಾಕಾಗಿದೆ. ದೂರಿಗೆ ಒಂದು ನಂಬರು ಕೊಟ್ಟಿರುತ್ತಾರಲ್ಲ, ಅದನ್ನು ಬರೆದು ಕಳಿಸು.

ಅಕ್ಕ


ಅಕ್ಟೋಬರ್ 15

ತಮ್ಮಾ,

ಆರು ವಾರವಾಯಿತು, ನಂಬರು ಬರಲಿಲ್ಲ. ನೀನು ಮೂರು ಸಲ ಫೋನು ಮಾಡಿ ಮೂರು ಸಲವೂ ಮಳೆ, ಮಕ್ಕಳ ಪರೀಕ್ಷೆ, ನಿನ್ನ ಹಲ್ಲುನೋವು ಹೇಳಿದೆ. ಹಾಗಾಗಿ ನಾನೇ ಕಂಪನಿಗೆ ಬರೆದೆ. ಎಂಟು ದಿನದಲ್ಲಿ ಉತ್ತರ ಬಂತು. ಆ ಹೂಕುಂಡವನ್ನು ಯಾರೋ ತೆಗೆದಿರಬೇಕು.

"ಮಾನ್ಯ ಗ್ರಾಹಕರೇ, ತಾವು ತಿಳಿಸಿದ ಫ್ರೇಮಿನ ನಂಬರಿನಲ್ಲಿ ನಮಗೆ ಈವರೆಗೆ ಯಾವುದೇ ದೂರು ಬಂದಿರುವುದಿಲ್ಲ." ಇಷ್ಟು ಹೇಳಿ ಒಂದು ಅರ್ಜಿ ಕಳಿಸಿದ್ದಾರೆ. ಒಂದು ತಿಂಗಳೊಳಗೆ ತುಂಬಿ ಕಳಿಸಬೇಕಂತೆ.

ಎರಡು ದಿನ ಆ ಕಾಗದವನ್ನು ನೋಡುತ್ತ ಕೂತೆ. ಬೇರೆಯವರಾಗಿದ್ದರೆ ಬೈದು ಮುಗಿಸುತ್ತಿದ್ದೆ. ನೀನು ಯಾಕೆ ಹೀಗೆ ಮಾಡಿದೆ ಎಂದು ನನಗೆ ಹೊಳೆಯುತ್ತಿಲ್ಲ. ಅದು ಹೊಳೆಯುವವರೆಗೆ ನಾನು ಸುಳ್ಳು ಹೇಳಿದ್ದನ್ನೂ ಬರೆಯುತ್ತೇನೆ, ಲೆಕ್ಕ ಸರಿಯಾಗಲಿ.

ಜೂನ್‌ನಲ್ಲಿ ಬಿದ್ದಿಲ್ಲ ಎಂದೆ. ಬಿದ್ದಿದ್ದೆ. ಗಿರಾಕಿಗಳು ಮಷೀನು ತಂದುಕೊಡುತ್ತಾರೆ ಎಂದೆ. ಹದಿನಾಲ್ಕು ಕಿಲೋ ಮಷೀನನ್ನು ನಲವತ್ತೇಳು ಮೆಟ್ಟಿಲು ಹೊತ್ತು ಯಾರು ಬರುತ್ತಾರೆ? ಇಬ್ಬರು ಬಂದರು, ಇಬ್ಬರೂ ಎರಡನೇ ಸಲ ಬರಲಿಲ್ಲ. ತರಬೇತಿ ಶಾಲೆಯವರು ಆಗಸ್ಟ್‌ವರೆಗೆ ಕಾದು ಬೇರೆಯವನನ್ನು ಇಟ್ಟುಕೊಂಡರು. ಅವನು ಸೂಜಿ ಯಾವ ಕಡೆಗೆ ತಿರುಗಿಸಿ ಹಾಕಬೇಕೆಂದು ಗೊತ್ತಿಲ್ಲದವನು.

ಜುಲೈ ಕೊನೆಯಲ್ಲಿ ಒಂದು ದಿನ ನಡೆದೇ ಬಸ್ಸಿಗೆ ಹೋಗುತ್ತೇನೆಂದು ಹೊರಟೆ. ಔಷಧಿ ಅಂಗಡಿಯ ಮೆಟ್ಟಿಲವರೆಗೆ ಹೋದೆ. ಅಲ್ಲಿ ಕೂತವಳು ಏಳಲಾಗದೆ ಎರಡು ಗಂಟೆ ಕೂತಿದ್ದೆ. ಅಂಗಡಿಯವನು ನೀರು ಕೊಟ್ಟು, "ಮನೆಯವ್ರು ಯಾರೂ ಇಲ್ವಾ?" ಎಂದ. ತಮ್ಮ ಇದ್ದಾನೆ, ದೊಡ್ಡ ಕಂಪನಿಯಲ್ಲಿದ್ದಾನೆ ಎಂದೆ. ಟೀಚರ್ ಶಾಲೆ ಬಿಟ್ಟು ಬರುವಾಗ ನೋಡಿ ಮೇಲೆ ಕರೆದುಕೊಂಡು ಬಂದರು. ಆಮೇಲೆ ನಾನು ಕೆಳಗೆ ಇಳಿದಿಲ್ಲ.

ಮೂಳೆ ಡಾಕ್ಟರು ಕಳೆದ ವಾರ ಮನೆಗೇ ಬಂದಿದ್ದರು. "ಸೈಕಲ್ ತುಳೀತಾ ಇದ್ರಲ್ಲ, ಅದ್ರಿಂದ್ಲೇ ಈ ಕೀಲು ಇಷ್ಟು ದಿನ ಆಡ್ತಿತ್ತು. ಹಿಂಗೇ ಕೂತಿದ್ರೆ ಬಿಗಿದುಕೊಳ್ಳುತ್ತೆ. ಆಮೇಲೆ ಸೈಕಲ್ ಬಂದ್ರೂ ಕೂರೋಕಾಗಲ್ಲ" ಎಂದರು. ಎಷ್ಟು ದಿನ ಎಂದು ಕೇಳಿದೆ. ಎರಡು ಮೂರು ತಿಂಗಳು, ಜಾಸ್ತಿ ಇಲ್ಲ ಎಂದರು. ಈಗಲೇ ಮಂಚದಿಂದ ಬಚ್ಚಲಿಗೆ ಹೋಗಬೇಕಾದರೆ ಆ ಸೈಕಲ್ಲಿನ ಹ್ಯಾಂಡಲ್ಲಿಗೆ ಭಾರ ಕೊಟ್ಟು ಹೋಗುತ್ತೇನೆ. ಬಿರುಕು ಬೆಳೆದದ್ದು ಹಾಗೆ.

ನನಗೆ ಸಿಟ್ಟು ಬಂದಿದೆ, ತಮ್ಮಾ. ಹೆದರಿಕೆಯೂ ಆಗಿದೆ. ಕಿಟಕಿಯಲ್ಲಿ ಹೊತ್ತು ಹೋಗುತ್ತದೆ ಎಂದು ಬರೆದಿದ್ದೆ, ಹೋಗುವುದಿಲ್ಲ. ಫೋನು ಮಾಡಬೇಡ, ಎತ್ತುವುದಿಲ್ಲ. ಯಾಕೆ ಎಂದು ಬರೆ.

ಅಕ್ಕ


ಅಕ್ಟೋಬರ್ 24

ಅಕ್ಕಾ,

ನಿನ್ನ ಕಾಗದವನ್ನು ಕಾರ್ಖಾನೆಯ ಸೈಕಲ್ ಸ್ಟ್ಯಾಂಡಿನಲ್ಲಿ ನಿಂತು ಓದಿದೆ. ಮನೆಗೆ ತಂದಿಲ್ಲ. ಇವಳಿಗೆ ಏನೂ ಗೊತ್ತಿಲ್ಲ.

ಯಾಕೆ ಎಂದು ಕೇಳಿದೆ. ಜೂನ್‌ನಲ್ಲಿ ನೀನು ಬರೆದು ಕಳಿಸಿದ ಫ್ರೇಮಿನ ನಂಬರಿನ ಕೊನೆಗೆ ಒಂದು ಸಣ್ಣ ಮೂವತ್ತೊಂದು ಇತ್ತಲ್ಲ, ಅದು ನಾನು. ಆ ಫ್ರೇಮನ್ನು ಪಾಸು ಮಾಡಿದ ಪರೀಕ್ಷಕನ ಮುದ್ರೆ ಅದು.

ಇಲ್ಲಿ ಒಂದು ಕಟ್ಟಳೆ ಇದೆ. ನಾವು ಪಾಸು ಮಾಡಿದ ಫ್ರೇಮು ಒಡೆದು ವಾಪಸು ಬಂದರೆ ಪರೀಕ್ಷಕನ ಕುರ್ಚಿಯ ಮೇಲೆ ಕೆಂಪು ಚೀಟಿ ಅಂಟಿಸುತ್ತಾರೆ. ಒಂದೇ ವರ್ಷದಲ್ಲಿ ಮೂರು ಚೀಟಿಯಾದರೆ ಕುರ್ಚಿ ಹೋಗುತ್ತದೆ, ಲೋಡಿಂಗ್ ಗೇಟಿನಲ್ಲಿ ಪೆಟ್ಟಿಗೆ ಹೊರಬೇಕು. ಈ ಕಂಪನಿ ಮನೆ ಆ ಕುರ್ಚಿಗೆ ಅಂಟಿಕೊಂಡದ್ದು. ಮಾರ್ಚಿಯಲ್ಲಿ ನನಗೆ ಒಂದು ಚೀಟಿ ಬಿತ್ತು, ಮೇ ತಿಂಗಳಲ್ಲಿ ಇನ್ನೊಂದು. ಜೂನ್‌ನಲ್ಲಿ ನಿನ್ನ ಕಾಗದ ಬಂತು.

ಜನವರಿ ಒಂದಕ್ಕೆ ಎಲ್ಲರ ಚೀಟಿಯನ್ನೂ ಕಿತ್ತು ಹೊಸದಾಗಿ ಎಣಿಸುತ್ತಾರೆ. ಅಲ್ಲಿಯವರೆಗೆ ತಳ್ಳಿದರೆ ಸಾಕು, ಜನವರಿ ಎರಡಕ್ಕೆ ನಾನೇ ಕೈಯಾರೆ ದೂರು ಕೊಡುತ್ತೇನೆ ಎಂದುಕೊಂಡೆ. ಬೇರೆ ದಾರಿಯನ್ನೂ ನೋಡಿದೆ. ಇಲ್ಲಿ ಕಾರ್ಖಾನೆಯಲ್ಲಿ ಬೆಸುಗೆ ಹಾಕುವವನನ್ನು ಕಾಡಿ ಬೇಡಿ ಇನ್ನೊಂದು ತಗ್ಗು ಫ್ರೇಮು ಮಾಡಿಸಲು ಹೊರಟಿದ್ದೆ. ಆದರೆ ನಂಬರಿಲ್ಲದ ಫ್ರೇಮು ಗೇಟು ದಾಟುವುದಿಲ್ಲ. ಬೀದಿಯ ಬೆಸುಗೆಯನ್ನೇ ಹಾಕಿಸಿಕೊ ಎನ್ನಲು ಧೈರ್ಯವಾಗಲಿಲ್ಲ, ಇಳಿಜಾರಿನಲ್ಲಿ ಅದು ಮತ್ತೆ ಬಿಟ್ಟರೆ ನಿನ್ನ ಗತಿ ಏನು?

ನೀನು ಆರಾಮ ಎಂದು ಬರೆದೆ. ನಾನು ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು, ಅದಕ್ಕೇ ನಂಬಿದೆ. ಕಸದ ಗಾಡಿಯ ಚಕ್ರದ ಬಗ್ಗೆ ಅಷ್ಟು ಬರೆದವಳು ಕೂತಲ್ಲೇ ಕೂತಿದ್ದಾಳೆ ಎಂದು ಯಾವ ದಡ್ಡನಿಗೂ ತಿಳಿಯಬೇಕಿತ್ತು.

ಅರ್ಜಿ ತುಂಬಿ ಕಳಿಸು. ನನ್ನ ಮುಖ ನೋಡಬೇಡ.

ಇಷ್ಟು ಬರೆದು ಲಕೋಟೆ ಅಂಟಿಸಬೇಕೆಂದಿದ್ದೆ, ಆದರೂ ಇನ್ನೊಂದು ಮಾತು ಬರೆಯುತ್ತಿದ್ದೇನೆ. ಜನವರಿಗೆ ಹತ್ತು ವಾರ ಇದೆ, ಈ ಅರ್ಜಿಯ ಗಡುವು ದಾಟಿದರೂ ಆಗ ಹೊಸದು ಕೊಡಬಹುದು. ಡಾಕ್ಟರು ಎರಡು ಮೂರು ತಿಂಗಳು ಎಂದಿದ್ದಾರಲ್ಲ. ಹಾಸಿಗೆಯ ಮೇಲೇ ಕಾಲಿಗೆ ಏನಾದರೂ ವ್ಯಾಯಾಮ ಮಾಡಿಕೊಂಡು ಅಷ್ಟು ದಿನ ದೂಡಲು ಸಾಧ್ಯವಾ ಎಂದು ಒಂದು ಸಲ ಕೇಳಿ ನೋಡು. ಕೇಳಬಾರದು ಎಂದು ನನಗೆ ಗೊತ್ತು. ಮಕ್ಕಳ ಮುಖ ನೋಡಿದರೆ ಕೈ ಅದನ್ನೇ ಬರೆಯುತ್ತದೆ.

ತಮ್ಮ


ನವೆಂಬರ್ 2

ತಮ್ಮಾ,

ನಿನ್ನ ಕಾಗದ ಮೂರು ದಿನ ದಿಂಬಿನ ಕೆಳಗಿತ್ತು. ಮೊದಲ ದಿನ ನಿನಗಾಗಿ ಅತ್ತೆ. ಎರಡನೇ ದಿನ, ಕಾಯುತ್ತೇನೆ ಎಂದು ಬರೆದೆ, ಒಂದು ಪುಟ ಪೂರ್ತಿ. ಚೆನ್ನಾಗಿಯೂ ಬಂದಿತ್ತು. ನಮ್ಮ ಮನೆಯಲ್ಲಿ ನಾನು ಅಂಥ ಕಾಗದ ಬರೆಯುವುದರಲ್ಲಿ ಮೊದಲಿಂದಲೂ ಗಟ್ಟಿಗಿತ್ತಿ.

ಮೂರನೇ ದಿನ ಬಚ್ಚಲಿಗೆ ಹೋಗುವಾಗ ಹ್ಯಾಂಡಲ್ಲು ಕೈಯಲ್ಲಿ ವಾಲಿತು. ಹಿಡಿದುಕೊಳ್ಳಲು ಬೇರೇನೂ ಇರಲಿಲ್ಲ. ನೆಲದ ಮೇಲೆ ಬಿದ್ದುಕೊಂಡೇ ಇದ್ದೆ, ಟೀಚರ್ ಸಂಜೆ ಬಾಗಿಲು ತಟ್ಟುವವರೆಗೆ. ಅಷ್ಟು ಹೊತ್ತಿನಲ್ಲಿ ನನಗೆ ಒಂದೇ ಯೋಚನೆ. ಇನ್ನು ಒಂಬತ್ತು ವಾರಕ್ಕೆ ನಿನ್ನ ಕುರ್ಚಿ ಉಳಿಯುತ್ತದೆ, ನನಗೆ ಈ ನೆಲವೇ ಉಳಿಯುತ್ತದೆ.

ಅರ್ಜಿ ತುಂಬಿ ಟೀಚರ್ ಕೈಯಲ್ಲಿ ಕೊಟ್ಟೆ. ಅವರು ಅದನ್ನು ಅಂಚೆಪೆಟ್ಟಿಗೆಗೆ ಹಾಕುವುದನ್ನು ಕಿಟಕಿಯಿಂದ ನೋಡಿದೆ. ಕಂಪನಿಯ ಗಾಡಿ ಬಂದು ಸೈಕಲ್ಲು ತೆಗೆದುಕೊಂಡು ಹೋಗುತ್ತದಂತೆ.

ಕ್ಷಮಿಸು ಎಂದು ಬರೆಯುವುದಿಲ್ಲ. ನಿನ್ನ ಮೇಲೆ ಪ್ರೀತಿ ಕಡಿಮೆಯಾಗಿ ಮಾಡಿದ್ದಲ್ಲ. ನನಗೆ ಹೊರಗೆ ಹೋಗಬೇಕು, ಅಷ್ಟೆ. ನಿನ್ನ ಹೆಂಡತಿಗೆ ಇವತ್ತೇ ಹೇಳು. ಗೇಟಿನಲ್ಲಿ ಕಂಡು ತಿಳಿದುಕೊಳ್ಳುವುದಕ್ಕಿಂತ ನಿನ್ನ ಬಾಯಿಂದ ಕೇಳಲಿ.

ಅಕ್ಕ


ಡಿಸೆಂಬರ್ 12

ಅಕ್ಕಾ,

ನಿನ್ನ ಕಾಗದ ಬಂದ ದಿನವೇ ಇವಳಿಗೆ ಹೇಳಿದೆ. ಅವಳು ಮನೆಯ ವಿಷಯ ಎತ್ತಲಿಲ್ಲ. "ಅವ್ರು ಒಬ್ರೇ ಮೂರನೇ ಮಹಡೀಲಿ ಬಿದ್ದಿದ್ರೆ, ನೀವು ಅವ್ರ ಕಾಗದ ಓದಿ ಮಕ್ಕಳನ್ನ ನಗಿಸ್ತಿದ್ರಾ?" ಎಂದಳು.

ನಿನ್ನ ಫ್ರೇಮು ಹತ್ತು ದಿನದ ಹಿಂದೆ ಬಂತು. ಇಲ್ಲಿ ಇನ್ನೊಂದು ಕಟ್ಟಳೆ ಇದೆ, ನಿನಗೆ ಹೇಳಿರಲಿಲ್ಲ. ಒಡೆದ ಫ್ರೇಮನ್ನು ಅದನ್ನು ಪಾಸು ಮಾಡಿದವನೇ ಗರಗಸದಲ್ಲಿ ಕೊಯ್ದು, ಬೆಸುಗೆಯ ಒಳಗನ್ನು ಮ್ಯಾನೇಜರಿಗೆ ತೋರಿಸಿ, ಕಾರಣ ಬರೆಯಬೇಕು. ಕೊಯ್ದೆ. ಹ್ಯಾಂಡಲಿನ ಹಿಡಿಯ ಹತ್ತಿರ ಬಣ್ಣ ಸವೆದು ಹೋಗಿತ್ತು, ನೀನು ಅಲ್ಲೇ ಹಿಡಿದುಕೊಳ್ಳುತ್ತಿದ್ದಿರಬೇಕು. ಬೆಸುಗೆಯ ಒಳಗೆ ಅರ್ಧ ಸುತ್ತು ಟೊಳ್ಳು. ಕಿರುಬೆರಳ ಉಗುರು ಕೂರುವಷ್ಟು ಜಾಗ.

ಮ್ಯಾನೇಜರು ಕೆಟ್ಟವರಲ್ಲ. ಬಾಗಿಲು ಹಾಕಿ ಕೂತು, "ನಿಮ್ಮಕ್ಕ ಸೈಕಲ್ ಕ್ಯಾರಿಯರ್ ಮೇಲೆ ರಿಪೇರಿ ಟೂಲ್ ಪೆಟ್ಟಿಗೆ ಹೊರ್ತಿದ್ರಲ್ಲ, ಎಂಟು ಕಿಲೋ ಇರುತ್ತೆ. ಅತಿಭಾರ ಅಂತ ಬರೀರಿ. ಚೀಟಿ ಬೀಳಲ್ಲ. ಹನ್ನೊಂದು ವರ್ಷ ಆಯ್ತು ನಿಮ್ದು" ಎಂದರು. ಅತಿಭಾರ ಎಂದು ಬರೆದರೆ ವಾರಂಟಿ ಇಲ್ಲ, ನಿನಗೆ ಫ್ರೇಮಿಲ್ಲ. ಪೆನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಿದ್ದೆ. ಕೂರಲಿಲ್ಲ ಎಂದರೆ ಮತ್ತೊಂದು ಸುಳ್ಳಾಗುತ್ತದೆ.

ಕಾರಣ ಏನು ಬರೆದೆ ಎಂದು ನಿನಗೂ ತಿಳಿದಿರಲಿ. ಪರೀಕ್ಷೆ ಎಂದರೆ ಫ್ರೇಮನ್ನು ಕೊಕ್ಕೆಗೆ ತೂಗುಹಾಕಿ ಪ್ರತಿ ಬೆಸುಗೆಗೂ ಸಣ್ಣ ಸುತ್ತಿಗೆಯಿಂದ ತಟ್ಟಿ ಕಿವಿಗೊಡುವುದು. ಒಳ್ಳೆಯ ಬೆಸುಗೆ ಗಂಟೆಯಂತೆ ನುಡಿಯುತ್ತದೆ, ಟೊಳ್ಳಿದ್ದರೆ ಸದ್ದು ಸತ್ತುಹೋಗುತ್ತದೆ. ಇಂಥ ಅರ್ಧ ಸುತ್ತಿನ ಟೊಳ್ಳು ಮೊದಲ ಪೆಟ್ಟಿಗೇ ಸಿಕ್ಕಿಬೀಳಬೇಕು. ಮಾರ್ಚಿ, ಮೇ ತಿಂಗಳಿನ ಎರಡು ಫ್ರೇಮುಗಳಲ್ಲಿ ನನ್ನ ಕಿವಿ ತಪ್ಪಿತ್ತು. ನಿನ್ನದರಲ್ಲಿ ಕಿವಿ ತಪ್ಪಲಿಲ್ಲ. ಆ ದಿನ ನೆನಪಿದೆ. ಸಾಲಿನಲ್ಲಿ ಆ ತಗ್ಗು ಫ್ರೇಮು ಬಂದ ತಕ್ಷಣ ನಾನೇ ಎದ್ದು ಹೋಗಿ ಎತ್ತಿಕೊಂಡೆ. ಕರವಸ್ತ್ರದಿಂದ ಒರೆಸಿದೆ. "ನಮ್ಮಕ್ಕನ ಸೈಕಲ್ಲು" ಎಂದು ಎಲ್ಲರಿಗೂ ತೋರಿಸಿದೆ, ಕೈಯಿಂದ ಸವರಿದೆ, ಮುದ್ರೆ ಒತ್ತಿ ಪೆಟ್ಟಿಗೆಗೆ ನಾನೇ ಹಾಕಿದೆ. ಆ ಸಂಭ್ರಮದಲ್ಲಿ ತಟ್ಟಿ ನೋಡಲೇ ಇಲ್ಲ. ಗುರುತು ಪರಿಚಯವಿಲ್ಲದವರ ಫ್ರೇಮನ್ನು ನಾನು ಯಾವತ್ತೂ ಹಾಗೆ ಬಿಟ್ಟವನಲ್ಲ.

"ಪರೀಕ್ಷೆ ಮಾಡಿಲ್ಲ" ಎಂದು ಬರೆದು ಸಹಿ ಹಾಕಿದೆ. ಎಂಟು ದಿನದಿಂದ ಗೇಟಿನಲ್ಲಿದ್ದೇನೆ. ಮನೆ ಬಿಡಲು ಫೆಬ್ರವರಿವರೆಗೆ ಸಮಯ ಕೊಟ್ಟಿದ್ದಾರೆ. ಭುಜ ನೋಯುತ್ತದೆ, ಅದು ಅಭ್ಯಾಸವಾಗುತ್ತದೆ ಎನ್ನುತ್ತಾರೆ.

ನಿನ್ನ ಹೊಸ ಫ್ರೇಮು ಚಕ್ರ, ಹ್ಯಾಂಡಲ್ಲು ಎಲ್ಲ ಜೋಡಿಸಿಕೊಂಡು ನಿನ್ನೆ ಲಾರಿ ಹತ್ತಿತು. ಹತ್ತು ದಿನದಲ್ಲಿ ಬರುತ್ತದೆ. ಅಷ್ಟರೊಳಗೆ ಆ ಕಾಲನ್ನು ದಿನಾ ಆಡಿಸು, ಟೀಚರಿಗೂ ಹೇಳು. ಈ ಸಲ ಅದನ್ನು ಪರೀಕ್ಷೆ ಮಾಡಿದವನು ಬೇರೆ ಸಾಲಿನವನು. ಅವನಿಗೆ ನೀನು ಯಾರೆಂದೇ ಗೊತ್ತಿಲ್ಲ. ಧೈರ್ಯವಾಗಿ ಹತ್ತು.

ತಮ್ಮ